ಗಾಡಿ ಯಾರದ್ದು, ಓಡಿಸಿದವರು ಯಾರು

ನೆದರ್ಲ್ಯಾಂಡ್ಸ್‌ನ ಉಟ್ರೆಕ್ಟ್ ಹತ್ತಿರ ಒಂದು ಕಾರು ಬಾಡಿಗೆ ಕಂಪನಿಯಲ್ಲಿ ನಾನು ಮೂರು ವರ್ಷದಿಂದ ಒಂದೇ ಕೆಲಸ ಮಾಡುತ್ತಿದ್ದೇನೆ. ಬೇರೆ ದೇಶಗಳಿಂದ ಬರುವ ಟ್ರಾಫಿಕ್ ದಂಡದ ಪತ್ರಗಳನ್ನು ಬಿಡಿಸಿ ಓದುತ್ತೇನೆ. ಆ ದಿನ, ಆ ಹೊತ್ತಿಗೆ ಆ ಗಾಡಿ ಯಾರ ಕೈಯಲ್ಲಿತ್ತು ಅಂತ ಹುಡುಕುತ್ತೇನೆ. ಆ ಹೆಸರನ್ನು ಕೇಳಿದ ದೇಶಕ್ಕೆ ಬರೆದು ಕಳಿಸುತ್ತೇನೆ. ನಮ್ಮಲ್ಲಿ ದಿನದ ಲೆಕ್ಕದಲ್ಲಿ ಹೋಗುವ ಬಾಡಿಗೆ ಕಾರುಗಳೂ ಇವೆ, ನಾಲ್ಕೈದು ವರ್ಷಕ್ಕೆ ಲೀಸ್‌ಗೆ ಕೊಟ್ಟ ಕಾರುಗಳೂ ಇವೆ. ಎಲ್ಲದರ ನೋಂದಣಿ ಕಂಪನಿ ಹೆಸರಲ್ಲೇ ಇದೆ. ಹಾಗಾಗಿ ಯುರೋಪಿನ ಯಾವ ರಸ್ತೆಯಲ್ಲಿ ಕ್ಯಾಮೆರಾ ಫ್ಲಾಶ್ ಹೊಡೆದರೂ ಪತ್ರ ಮೊದಲು ಬರುವುದು ನನ್ನ ಮೇಜಿಗೆ.

ಸೇರಿದ ಮೊದಲ ದಿನ ನನಗೆ ಕೆಲಸ ಕಲಿಸಿದವರು ಹೇಳಿದ ಮೊದಲ ಮಾತು, ಕವರ್ ಬಿಸಾಡಬೇಡ ಅಂತ. ಪತ್ರವನ್ನೂ ಕವರನ್ನೂ ಒಟ್ಟಿಗೆ ಪಿನ್ ಹೊಡೆದು, ಮೇಲೆ ನಮಗೆ ತಲುಪಿದ ತಾರೀಖಿನ ಸೀಲು ಹಾಕಬೇಕು. ಆಗ ಇದೇನು ದೊಡ್ಡ ವಿಷಯ ಅನಿಸಿತ್ತು. ಈಗ ಗೊತ್ತು, ಈ ಕೆಲಸದಲ್ಲಿ ದುಡ್ಡಿಗಿಂತ ತಾರೀಖು ಮುಖ್ಯ. ಒಂದೇ ಪತ್ರದಲ್ಲಿ ನಾಲ್ಕು ತಾರೀಖು ಇರುತ್ತವೆ. ತಪ್ಪು ನಡೆದದ್ದು ಒಂದು, ಅವರು ಪತ್ರ ಬರೆದದ್ದು ಒಂದು, ಅಂಚೆಗೆ ಹಾಕಿದ್ದು ಒಂದು, ನಮಗೆ ಸಿಕ್ಕಿದ್ದು ಒಂದು. ಯಾವ ದೇಶ ಯಾವ ತಾರೀಖಿನಿಂದ ದಿನ ಎಣಿಸುತ್ತದೆ ಅನ್ನುವುದು ತಿಳಿಯದಿದ್ದರೆ, ರಿಯಾಯಿತಿಯೂ ಹೋಗುತ್ತದೆ, ತಕರಾರು ಹಾಕುವ ಹಕ್ಕೂ ಹೋಗುತ್ತದೆ. ಅದೂ ನಮ್ಮದಲ್ಲ, ಗಿರಾಕಿಯದ್ದು.

ಸ್ವಂತ ಕಾರಾದರೆ ದಂಡದ ಪತ್ರ ನೇರ ಮನೆಗೆ ಬರುತ್ತದೆ. ಬಾಡಿಗೆ ಕಾರಿನ ಹಿಂದೆ ಮೂರು ಜನ ಇರುತ್ತಾರೆ. ನೋಂದಣಿಯಲ್ಲಿ ಹೆಸರಿರುವವರು ಒಬ್ಬರು, ಬಾಡಿಗೆ ಕರಾರಿಗೆ ಸಹಿ ಹಾಕಿದವರು ಇನ್ನೊಬ್ಬರು, ಆ ಗಳಿಗೆಯಲ್ಲಿ ಸ್ಟೀರಿಂಗ್ ಹಿಡಿದಿದ್ದವರು ಮತ್ತೊಬ್ಬರು. ಎಷ್ಟೋ ಸಲ ಕೊನೆಯ ಇಬ್ಬರೂ ಒಬ್ಬರೇ. ಎಷ್ಟೋ ಸಲ ಅಲ್ಲ. ದಂಡ ಈ ಮೂವರಲ್ಲಿ ಯಾರಿಗೆ ಅಂಟಬೇಕು ಅನ್ನುವುದಕ್ಕೆ ಒಂದೊಂದು ದೇಶದ್ದು ಒಂದೊಂದು ಉತ್ತರ.

ನೆದರ್ಲ್ಯಾಂಡ್ಸ್‌ನಲ್ಲಿ 1989ರ ಒಂದು ಕಾಯ್ದೆ ಇದೆ, ಎಲ್ಲರೂ ಅದನ್ನು ಮುಲ್ಡರ್ ಕಾಯ್ದೆ ಅಂತಲೇ ಕರೆಯುವುದು. ಅದರ ಪ್ರಕಾರ ಸಣ್ಣಪುಟ್ಟ ತಪ್ಪುಗಳಿಗೆ ನಂಬರ್ ಪ್ಲೇಟ್ ಯಾರ ಹೆಸರಲ್ಲಿದೆಯೋ ಅವರೇ ಹೊಣೆ. ಬಾಡಿಗೆ ಕೊಡುವವರಿಗೆ ಒಂದು ವಿನಾಯಿತಿ ಇದೆ. ಮೂರು ತಿಂಗಳು ಮೀರದ ಬಾಡಿಗೆಯಾಗಿದ್ದು, ಲಿಖಿತ ಕರಾರು ತೋರಿಸಿದರೆ ದಂಡ ಬಾಡಿಗೆದಾರರ ಹೆಸರಿಗೆ ಹೋಗುತ್ತದೆ. ನಾಲ್ಕು ವರ್ಷದ ಲೀಸ್‌ಗೆ ಆ ವಿನಾಯಿತಿ ಸಿಗುವುದಿಲ್ಲ. ಕಂಪನಿಯೇ ಕಟ್ಟಿ, ಆಮೇಲೆ ಗಿರಾಕಿಯಿಂದ ವಸೂಲು ಮಾಡಬೇಕು. ಜರ್ಮನಿ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ವೇಗದ ತಪ್ಪಿಗೆ ಓಡಿಸಿದವರೇ ಹೊಣೆ, ಗಾಡಿ ಯಾರ ಹೆಸರಲ್ಲಿದ್ದರೂ ಲೆಕ್ಕಕ್ಕಿಲ್ಲ. ಅಷ್ಟೇ ಅಲ್ಲ, ಜರ್ಮನಿಯಲ್ಲಿ ಲೀಸ್ ಕಾರುಗಳು ಸಾಮಾನ್ಯವಾಗಿ ಲೀಸ್‌ಗೆ ಪಡೆದವರ ಹೆಸರಲ್ಲೇ ನೋಂದಣಿಯಾಗುತ್ತವೆ. ಹಾಗಾಗಿ ಅಲ್ಲಿನ ಲೀಸ್ ಕಂಪನಿಗಳ ಮೇಜಿನ ಮೇಲೆ ನನ್ನಷ್ಟು ಕವರ್ ಬೀಳುವುದಿಲ್ಲ.

ಇನ್ನೊಂದು ದೇಶದ ಪೊಲೀಸರಿಗೆ ನಮ್ಮ ವಿಳಾಸ ಹೇಗೆ ಸಿಗುತ್ತದೆ ಅಂತ ಗಿರಾಕಿಗಳು ಕೇಳುತ್ತಲೇ ಇರುತ್ತಾರೆ. ಯುರೋಪಿನ ದೇಶಗಳ ವಾಹನ ನೋಂದಣಿ ಕಚೇರಿಗಳ ನಡುವೆ ಯೂಕ್ಯಾರಿಸ್ ಎಂಬ ಜಾಲ ಇದೆ. ಪ್ಲೇಟ್ ನಂಬರ್, ದೇಶ, ತಾರೀಖು ಹಾಕಿದರೆ ಆ ದಿನ ಆ ಗಾಡಿ ಯಾರ ಹೆಸರಲ್ಲಿತ್ತು ಅನ್ನುವುದು ಬರುತ್ತದೆ. 2015ರ ಒಂದು ಯುರೋಪಿಯನ್ ನಿರ್ದೇಶನದಲ್ಲಿ ಎಂಟು ತಪ್ಪುಗಳ ಪಟ್ಟಿ ಇದೆ. ವೇಗ, ಕೆಂಪು ದೀಪ ದಾಟುವುದು, ಸೀಟ್ ಬೆಲ್ಟ್ ಹಾಕದಿರುವುದು, ಹೆಲ್ಮೆಟ್ ಇಲ್ಲದಿರುವುದು, ಕುಡಿದು ಓಡಿಸುವುದು, ಮಾದಕ ವಸ್ತು ತೆಗೆದುಕೊಂಡು ಓಡಿಸುವುದು, ನಿಷೇಧಿತ ಲೇನ್‌ಗೆ ನುಗ್ಗುವುದು, ಓಡಿಸುವಾಗ ಮೊಬೈಲ್ ಹಿಡಿಯುವುದು. ಈ ಎಂಟಕ್ಕೆ ದೇಶಗಳು ಪರಸ್ಪರ ಮಾಹಿತಿ ಕೊಡಲೇಬೇಕು. 2024ರ ಡಿಸೆಂಬರಿನಲ್ಲಿ ಈ ಪಟ್ಟಿಯನ್ನು ಇನ್ನೂ ಉದ್ದ ಮಾಡಿದ್ದಾರೆ. 2027ರ ಜುಲೈ ಒಳಗೆ ದೇಶಗಳು ಅದನ್ನು ತಮ್ಮ ಕಾನೂನಿಗೆ ಸೇರಿಸಿಕೊಳ್ಳಬೇಕು. ಕವರ್‌ಗಳು ಜಾಸ್ತಿ ಆಗುತ್ತವೆ, ಕಡಿಮೆಯಂತೂ ಆಗುವುದಿಲ್ಲ.

ಆದರೆ ಆ ಜಾಲದಲ್ಲಿ ಸಿಗುವುದು ಕಂಪನಿಯ ಹೆಸರು ಮಾತ್ರ. ಓಡಿಸಿದವರ ಹೆಸರು ಇರುವುದು ನಮ್ಮ ಕಡತದಲ್ಲಿ. ಆ ಸಣ್ಣ ಖಾಲಿ ಜಾಗದಲ್ಲಿ ಕೂತು ನಾನು ಕೆಲಸ ಮಾಡುವುದು.

ನಾನು ಬರುವ ಮೊದಲು ಕಂಪನಿಯ ಪದ್ಧತಿ ಬೇರೆ ಇತ್ತು. ಪತ್ರ ಬಂತಾ, ಸಣ್ಣ ಮೊತ್ತವಾ, ಕಟ್ಟಿ ಮುಗಿಸು, ಗಿರಾಕಿಯ ಕಾರ್ಡಿನಿಂದ ಹಿಡಿದುಕೋ. ಕೆಲಸ ಬೇಗ ಮುಗಿಯುತ್ತಿತ್ತು, ನಿಜ. ಆದರೆ ಗಿರಾಕಿಗೆ ಏನಾಯಿತು ಅಂತ ತಿಳಿಯುವ ಹೊತ್ತಿಗೆ ದಂಡ ಕಟ್ಟಿ ಆಗಿರುತ್ತಿತ್ತು. ಕಟ್ಟಿದ ಮೇಲೆ ತಪ್ಪು ಒಪ್ಪಿಕೊಂಡ ಹಾಗೆ. ಇನ್ನು ತಕರಾರಿಗೆ ಜಾಗವೇ ಇಲ್ಲ. ಇದು ಸರಿಯಲ್ಲ ಅಂತ ನನಗೆ ಕೇಳಿದಾಗಲೇ ಅನಿಸಿತು. ಆದರೆ ಕಂಪನಿ ಪದ್ಧತಿ ಬದಲಿಸಿದ್ದು ನ್ಯಾಯದ ಕಾರಣಕ್ಕಲ್ಲ, ಫ್ರಾನ್ಸ್‌ನಿಂದ ಬಂದ ಒಂದು ಪತ್ರದ ಕಾರಣಕ್ಕೆ.

ಫ್ರಾನ್ಸ್‌ನ ಕ್ಯಾಮೆರಾ ದಂಡಗಳೆಲ್ಲ ರೆನ್ ನಗರದ ಒಂದು ಕೇಂದ್ರದಿಂದ ಹೊರಡುತ್ತವೆ. ಊರ ಹೊರಗಿನ ರಸ್ತೆಯಲ್ಲಿ ಮಿತಿಗಿಂತ 20 ಕಿಲೋಮೀಟರ್ ಒಳಗೆ ಜಾಸ್ತಿ ಓಡಿಸಿದರೆ 68 ಯೂರೊ. ಬೇಗ ಕಟ್ಟಿದರೆ 45, ತಡ ಮಾಡಿದರೆ 180. ಯಾರೋ 45 ಯೂರೊ ಕಟ್ಟಿ ಕಡತ ಮುಚ್ಚಿದ್ದರು. ಕೆಲವು ತಿಂಗಳ ಮೇಲೆ ಅದೇ ಗಾಡಿಗೆ 450 ಯೂರೊದ ಇನ್ನೊಂದು ಪತ್ರ ಬಂತು. ಇದು ವೇಗಕ್ಕಲ್ಲ. ಚಾಲಕರ ಹೆಸರು ಹೇಳದೆ ಇದ್ದದ್ದಕ್ಕೆ. 2017ರಿಂದ ಅಲ್ಲಿನ ಕಾನೂನು ಹಾಗಿದೆ. ಗಾಡಿ ಕಂಪನಿಯ ಹೆಸರಲ್ಲಿದ್ದರೆ 45 ದಿನದೊಳಗೆ ಓಡಿಸಿದವರು ಯಾರು ಅಂತ ಹೇಳಬೇಕು. ಹೇಳದಿದ್ದರೆ ಅದೇ ಬೇರೆ ತಪ್ಪು, ಮತ್ತು ಕಂಪನಿಗಳಿಗೆ ಆ ದಂಡ ಒಬ್ಬ ವ್ಯಕ್ತಿಗೆ ಹಾಕುವುದರ ಐದು ಪಟ್ಟು. ಬೇಗ ಕಟ್ಟಿದರೆ 450, ಇಲ್ಲವಾದರೆ 675, ಗಡುವು ಮೀರಿದರೆ 1875. ಮೊದಲ ದಂಡ ಕಟ್ಟಿದ್ದೇವಲ್ಲ ಅಂದರೆ ಕೇಳುವುದಿಲ್ಲ. ಅವರಿಗೆ ಬೇಕಾದ್ದು ಹೆಸರು.

ಅಲ್ಲಿಂದ ನಮ್ಮಲ್ಲಿ ದುಡ್ಡು ಕಟ್ಟುವುದು ನಿಂತಿತು, ಹೆಸರು ಹೇಳುವುದು ಶುರುವಾಯಿತು. ನಾನು ಸೇರಿದ್ದು ಆಗಲೇ.

ಹೆಸರು ಹೇಳುವುದು ಸುಲಭ ಅಂತ ನಾನೂ ಅಂದುಕೊಂಡಿದ್ದೆ. ಕಂಪ್ಯೂಟರಿನಲ್ಲಿ ಪ್ಲೇಟ್ ನಂಬರ್ ಹೊಡೆಯುವುದು, ತಾರೀಖು ಹಾಕುವುದು, ಬಂದ ಕರಾರಿನ ಹೆಸರನ್ನು ಫಾರಂಗೆ ಇಳಿಸುವುದು. ಎಂಟನೇ ತಿಂಗಳಲ್ಲಿ ಒಬ್ಬ ಹಿರಿಯರು ಫೋನ್ ಮಾಡಿದರು. ಡಚ್ಚರು, ಎಪ್ಪತ್ತು ದಾಟಿದವರು. ಬೈಯಲಿಲ್ಲ. ಮೆಲ್ಲಗೆ ಕೇಳಿದರು, "ನನಗೆ ಫ್ರಾನ್ಸ್‌ನಿಂದ ಪತ್ರ ಬಂದಿದೆ. ಲಿಯೋನ್ ಹತ್ತಿರ ವೇಗವಾಗಿ ಹೋದೆ ಅಂತ ಇದೆ. ನಾನು ಆ ವಾರ ಪೂರ್ತಿ ಡೆನ್ಮಾರ್ಕ್‌ನಲ್ಲಿದ್ದೆ. ನನ್ನ ಹೆಸರು ನಿಮ್ಮ ಕಂಪನಿ ಕೊಟ್ಟಿದೆ ಅಂತ ಬರೆದಿದ್ದಾರೆ. ಹೌದಾ?"

ಹೌದು. ಕೊಟ್ಟವಳು ನಾನೇ.

ಕರಾರು ತೆಗೆದು ನೋಡಿದೆ. ಹನ್ನೆರಡು ದಿನದ ಬಾಡಿಗೆ, ಅದೇ ಪ್ಲೇಟ್, ತಪ್ಪು ನಡೆದ ದಿನ ಸರಿಯಾಗಿ ಮಧ್ಯದಲ್ಲಿ. ಕಂಪ್ಯೂಟರ್ ಪ್ರಕಾರ ಅನುಮಾನವೇ ಇಲ್ಲ. ಆದರೆ ಅವರ ದನಿಯಲ್ಲಿ ಸುಳ್ಳಿನ ಎಳೆ ಇರಲಿಲ್ಲ. ಅವರೇ ನೆನಪಿಸಿದರು, ಮೂರನೇ ದಿನ ಕ್ಲಚ್ ಕೆಟ್ಟು ನಿಮ್ಮ ಹುಡುಗರು ಬೇರೆ ಕಾರು ತಂದುಕೊಟ್ಟರಲ್ಲ ಅಂತ. ನನ್ನ ಕೈ ತಣ್ಣಗಾಯಿತು. ಆ ಬದಲಾವಣೆ ಕಂಪ್ಯೂಟರಿನಲ್ಲಿ ಎಲ್ಲೂ ಇರಲಿಲ್ಲ.

ಸಂಜೆ ವರ್ಕ್‌ಶಾಪಿಗೆ ಹೋದೆ. ಗೋಡೆಗೆ ನೇತುಹಾಕಿದ ಕ್ಲಿಪ್ ಬೋರ್ಡಿನಲ್ಲಿ ಕಾರ್ಬನ್ ಹಾಳೆಗಳ ಒಂದು ಕಂತೆ. ಎಣ್ಣೆ ಕೈಯ ಗುರುತು ಅಂಟಿದ ಹಳದಿ ಹಾಳೆಯೊಂದರಲ್ಲಿ ಎರಡು ಪ್ಲೇಟ್ ನಂಬರ್, ನಡುವೆ ಒಂದು ಬಾಣ, ಕೆಳಗೆ ತಾರೀಖು. ಹಿರಿಯರಿಗೆ ಬೇರೆ ಕಾರು ಕೊಟ್ಟಿದ್ದಾರೆ. ಅವರ ಮೊದಲ ಕಾರನ್ನು ಎರಡು ದಿನದಲ್ಲಿ ರಿಪೇರಿ ಮಾಡಿ, ಇನ್ಯಾರದ್ದೋ ಕಾರು ಕೆಟ್ಟಾಗ ಅವರಿಗೆ ಬದಲಿಯಾಗಿ ಕಳಿಸಿದ್ದಾರೆ. ಅದೂ ಹಾಳೆಯಲ್ಲೇ. ಲಿಯೋನ್‌ಗೆ ಹೋದವರು ಆ ಎರಡನೆಯವರು. ಕೆಲಸದ ಗಡಿಬಿಡಿಯಲ್ಲಿ ಯಾರೂ ಆ ಎರಡು ಸಾಲುಗಳನ್ನು ಕಂಪ್ಯೂಟರಿಗೆ ಏರಿಸಲಿಲ್ಲ, ನಾನು ಕಂಪ್ಯೂಟರ್ ಬಿಟ್ಟು ಬೇರೆ ಏನನ್ನೂ ನೋಡಲಿಲ್ಲ.

ಮ್ಯಾನೇಜರ್ ಹೇಳಿದ್ದು, 45 ಯೂರೊ ತಾನೇ, ಅವರ ಪರವಾಗಿ ನಾವೇ ಕಟ್ಟಿಬಿಡೋಣ, ಕ್ಷಮೆ ಕೇಳಿ ಒಂದು ಪತ್ರ ಬರೆ. ನಾನು ಒಪ್ಪಲಿಲ್ಲ. ದುಡ್ಡು ನಮ್ಮದಾದರೂ ಒಪ್ಪಿಕೊಂಡ ತಪ್ಪು ಅವರ ಹೆಸರಲ್ಲಿ ಉಳಿಯುತ್ತದೆ. ಐವತ್ತು ವರ್ಷ ಗಾಡಿ ಓಡಿಸಿ ಒಂದು ದಂಡವನ್ನೂ ಕಟ್ಟಿಲ್ಲ ಅಂತ ಅವರು ಫೋನಿನಲ್ಲಿ ಹೇಳಿದ್ದರು. ಅದು ಅವರಿಗೆ ಸಣ್ಣ ವಿಷಯವಾಗಿರಲಿಲ್ಲ. ನನಗೂ ಆಗಬಾರದು ಅನಿಸಿತು.

ಫ್ರಾನ್ಸ್‌ನಲ್ಲಿ ತಕರಾರಿಗೂ 45 ದಿನ. ಫಾರಂನಲ್ಲಿ ಮೂರು ದಾರಿ ಇವೆ. ಗಾಡಿ ಕಳವಾಗಿತ್ತು ಅಥವಾ ಪ್ಲೇಟ್ ನಕಲಾಗಿದೆ ಅನ್ನುವುದು ಒಂದು. ಗಾಡಿಯನ್ನು ಬೇರೆಯವರಿಗೆ ಕೊಟ್ಟಿದ್ದೆ, ಅವರ ಹೆಸರು ಇದು ಅನ್ನುವುದು ಎರಡನೆಯದು. ಉಳಿದ ಎಲ್ಲ ಕಾರಣಕ್ಕೂ ಮೂರನೆಯದು. ಆ ಮೂರನೇ ದಾರಿಯಲ್ಲಿ ದಂಡದಷ್ಟು ಹಣವನ್ನು ಮೊದಲು ಠೇವಣಿ ಇಡಬೇಕು, ಗೆದ್ದರೆ ವಾಪಸ್. ಹಿರಿಯರು ಹಾಕಬೇಕಾಗಿದ್ದು ಮೂರನೆಯದು. ಠೇವಣಿಯ 68 ಯೂರೊವನ್ನು ಕಂಪನಿ ಕೊಟ್ಟಿತು. ಜೊತೆಗೆ ಕಳಿಸಿದ್ದು ಆ ಹಳದಿ ಹಾಳೆಯ ಪ್ರತಿ, ಕ್ಲಚ್ ರಿಪೇರಿಯ ಬಿಲ್ಲು, ನಮ್ಮ ತಪ್ಪನ್ನು ಒಪ್ಪಿಕೊಂಡು ನಾನು ಬರೆದ ಪತ್ರ, ನಿಜವಾಗಿ ಗಾಡಿ ಯಾರ ಬಳಿ ಇತ್ತೋ ಅವರ ಕರಾರು. ಹಿರಿಯರು ತಮ್ಮ ಕಡೆಯಿಂದ ಡೆನ್ಮಾರ್ಕ್‌ನ ಗ್ರೇಟ್ ಬೆಲ್ಟ್ ಸೇತುವೆಯ ಟೋಲ್ ರಸೀದಿ ಸೇರಿಸಿದರು. ಅದೇ ದಿನ ಮಧ್ಯಾಹ್ನದ್ದು. ಪರ್ಸಿನಲ್ಲಿ ನಾಲ್ಕಾಗಿ ಮಡಚಿ ಇಟ್ಟುಕೊಂಡಿದ್ದರಂತೆ.

ನಾಲ್ಕು ತಿಂಗಳು ಏನೂ ಬರಲಿಲ್ಲ. ಪ್ರತಿ ಸೋಮವಾರ ಅವರಿಗೆ ಒಂದು ಸಾಲಿನ ಇಮೇಲ್ ಹಾಕುತ್ತಿದ್ದೆ, ಇನ್ನೂ ಉತ್ತರ ಬಂದಿಲ್ಲ ಅಂತ. ಕೊನೆಗೆ ಪತ್ರ ಬಂತು. ಅವರ ಮೇಲಿನ ಕಡತ ಮುಚ್ಚಿದೆ, ಠೇವಣಿ ವಾಪಸ್. ನಾನು ಫೋನ್ ಮಾಡಿ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಒಳ್ಳೆಯದಾಯಿತು ಅಂದರು, ಅಷ್ಟೇ.

ಆ ದಿನದಿಂದ ನಾನು ಕಂಪ್ಯೂಟರ್ ಒಂದನ್ನೇ ನಂಬಿ ಯಾರ ಹೆಸರನ್ನೂ ಬರೆದಿಲ್ಲ. ವರ್ಕ್‌ಶಾಪಿನ ಹಾಳೆ ನೋಡುತ್ತೇನೆ. ವಾಪಸ್ ಕೊಟ್ಟ ಗಂಟೆ ನೋಡುತ್ತೇನೆ. ಬೆಳಿಗ್ಗೆ 10ಕ್ಕೆ ಒಬ್ಬರು ಕಾರು ಬಿಟ್ಟು, 11ಕ್ಕೆ ಇನ್ನೊಬ್ಬರು ತೆಗೆದುಕೊಂಡು ಹೋದರೆ, ನಡುವೆ ತೊಳೆಯಲು ಓಡಿಸಿದ್ದು ನಮ್ಮವರೇ ಇರಬಹುದು ಅಲ್ವಾ? ಪೋರ್ಚುಗಲ್‌ನ ಪತ್ರವಾದರೆ ಒಂದು ಗಂಟೆ ಸೇರಿಸಿ ಲೆಕ್ಕ ಹಾಕುತ್ತೇನೆ, ಅಲ್ಲಿನ ಗಡಿಯಾರ ನಮಗಿಂತ ಒಂದು ಗಂಟೆ ಹಿಂದೆ.

ಜರ್ಮನಿಯ ಪತ್ರಗಳ ಕಷ್ಟ ಬೇರೆ ಥರದ್ದು. ಅಲ್ಲಿಂದ ಬರುವುದು ದಂಡವಲ್ಲ, ಪ್ರಶ್ನೆ. ಗಾಡಿಯ ಯಜಮಾನರಾದ ನಮ್ಮನ್ನು ಸಾಕ್ಷಿ ಅಂತ ಹಿಡಿದು, ಓಡಿಸಿದವರು ಯಾರು ಅಂತ ಕೇಳುತ್ತಾರೆ. ಜೊತೆಗೆ ಫೋಟೊ. ಕಪ್ಪು ಬಿಳುಪು, ಸ್ವಲ್ಪ ಮೇಲಿನಿಂದ ತೆಗೆದದ್ದು. ಪಕ್ಕದ ಸೀಟಿನವರ ಮುಖವನ್ನು ಅಳಿಸಿರುತ್ತಾರೆ. ಒಮ್ಮೆ ಬಂದ ಫೋಟೊದಲ್ಲಿ ಓಡಿಸುತ್ತಿದ್ದದ್ದು ಒಬ್ಬ ಹೆಂಗಸು, ತಂಪು ಕನ್ನಡಕ ಹಾಕಿದ್ದಾರೆ. ಕರಾರು ಇದ್ದದ್ದು ಗಂಡನ ಹೆಸರಲ್ಲಿ. ಎರಡನೇ ಚಾಲಕಿ ಅಂತ ಹೆಂಡತಿಯ ಹೆಸರೂ ಇತ್ತು. ಫೋಟೊ ನೋಡಿ ಇದು ಹೆಂಡತಿ ಅಂತ ಬರೆಯುವುದು ಎಷ್ಟು ಸುಲಭ! ಆದರೆ ನಾನು ಅವರನ್ನು ನೋಡೇ ಇಲ್ಲ. ಅದು ಅಕ್ಕನೋ ಮಗಳೋ ನನಗೇನು ಗೊತ್ತು? ಊಹಿಸುವುದು ನನ್ನ ಕೆಲಸವಲ್ಲ. ಕರಾರಿನಲ್ಲಿ ಇರುವ ಇಬ್ಬರ ಹೆಸರನ್ನೂ ಇದ್ದ ಹಾಗೇ ಬರೆದು ಕಳಿಸಿದೆ. ಮುಂದಿನದು ಅವರಿಗೂ ಆ ಕಚೇರಿಗೂ ಬಿಟ್ಟದ್ದು. ಊರೊಳಗೆ ಮಿತಿಗಿಂತ 18 ಕಿಲೋಮೀಟರ್ ಜಾಸ್ತಿ. ದಂಡ 70 ಯೂರೊ, ಆದೇಶದ ಖರ್ಚು 28.50, ಒಟ್ಟು 98.50 ಬಂತಂತೆ.

ಜರ್ಮನಿಯಲ್ಲಿ ಇಂಥ ತಪ್ಪುಗಳಿಗೆ ಮೂರು ತಿಂಗಳ ಮಿತಿ ಇದೆ. ಅಷ್ಟರೊಳಗೆ ಓಡಿಸಿದವರ ಮೇಲೆ ಕ್ರಮ ಶುರುವಾಗದಿದ್ದರೆ ಮುಗಿಯಿತು. ಇದು ಗೊತ್ತಿರುವ ಕೆಲವು ಗಿರಾಕಿಗಳು, ಸ್ವಲ್ಪ ನಿಧಾನವಾಗಿ ಉತ್ತರ ಬರೆಯಿರಿ ಮೇಡಂ ಅಂತ ನೇರವಾಗಿಯೇ ಕೇಳುತ್ತಾರೆ. ನಾನು ಬರೆಯುವುದಿಲ್ಲ. ಶಾಲೆಯ ಮುಂದೆ ಇಟ್ಟ ಕ್ಯಾಮೆರಾ ಅದು, ಸುಮ್ನೆ ಇಟ್ಟದ್ದಲ್ಲ. ತಪ್ಪಿಲ್ಲದವರ ಹೆಸರು ಹೋಗಬಾರದು ಅಂತ ಎಷ್ಟು ಹಟ ಹಿಡಿಯುತ್ತೇನೋ, ತಪ್ಪು ಮಾಡಿದವರ ಹೆಸರು ಹೋಗಬೇಕು ಅಂತಲೂ ಅಷ್ಟೇ.

ಲೀಸ್ ಕಾರುಗಳಲ್ಲಿ ಸರಪಳಿಗೆ ಇನ್ನೊಂದು ಕೊಂಡಿ ಸೇರುತ್ತದೆ. ನಾವು ಲೀಸ್‌ಗೆ ಕೊಟ್ಟಿರುವುದು ಒಂದು ಕಂಪನಿಗೆ. ಆ ಕಂಪನಿ ಕಾರು ಕೊಟ್ಟಿರುವುದು ತನ್ನ ನೌಕರರಿಗೆ. ನಾನು ಅಲ್ಲಿನ ವಾಹನ ವಿಭಾಗಕ್ಕೆ ಬರೆಯಬೇಕು, ಅವರು ನೌಕರರನ್ನು ಕೇಳಬೇಕು, ನೌಕರರು ರಜೆಯಲ್ಲಿರುತ್ತಾರೆ. ಎಲ್ಲರೂ ಹಂಚಿಕೊಂಡು ಓಡಿಸುವ ಆಫೀಸ್ ಕಾರಾದರೆ ಕೀಲಿ ಯಾರು ತೆಗೆದುಕೊಂಡರು ಅಂತ ಬರೆದಿಟ್ಟ ಪುಸ್ತಕವೇ ಇರುವುದಿಲ್ಲ. ದಿನಗಳು ಸೋರಿಹೋಗುವುದು ಇಲ್ಲೇ. ಈಗ ನಾನು ಲೀಸ್ ಗಿರಾಕಿಗಳಿಗೆ ಪತ್ರ ಕಳಿಸುವಾಗ ಕೊನೆಯ ದಿನವನ್ನು ಮೊದಲ ಸಾಲಿನಲ್ಲೇ ಬರೆಯುತ್ತೇನೆ, ದಪ್ಪ ಅಕ್ಷರದಲ್ಲಿ. ಉತ್ತರ ಬರಲಿ ಬಿಡಲಿ ಐದನೇ ದಿನ ಫೋನ್ ಮಾಡುತ್ತೇನೆ.

ಕಟ್ಟದಿದ್ದರೆ ಏನಾಗುತ್ತೆ ಅಂತ ಕೇಳುವವರೂ ಇದ್ದಾರೆ. ಬೇರೆ ದೇಶ ತಾನೇ, ಮನೆ ಬಾಗಿಲಿಗೆ ಬರುತ್ತಾರಾ ಅಂತ. ಬರುತ್ತಾರೆ. 2005ರ ಒಂದು ಯುರೋಪಿಯನ್ ತೀರ್ಮಾನದ ಪ್ರಕಾರ 70 ಯೂರೊ ಅಥವಾ ಅದಕ್ಕಿಂತ ಹೆಚ್ಚಿನ ದಂಡವನ್ನು ವಸೂಲು ಮಾಡಲು ಒಂದು ದೇಶ ಇನ್ನೊಂದಕ್ಕೆ ಒಪ್ಪಿಸಬಹುದು. ಇಲ್ಲಿ ಆ ಕೆಲಸ ಮಾಡುವುದು ಲೇವಾರ್ಡನ್ ನಗರದ ಸಿಜೆಐಬಿ, ನೆದರ್ಲ್ಯಾಂಡ್ಸ್‌ನದೇ ದಂಡಗಳನ್ನು ವಸೂಲು ಮಾಡುವ ಅದೇ ಕಚೇರಿ. ಹಾಗೆ ವಸೂಲಾದ ಹಣ ಸಾಮಾನ್ಯವಾಗಿ ವಸೂಲು ಮಾಡಿದ ದೇಶಕ್ಕೇ ಸೇರುತ್ತದೆ. ಆದ್ದರಿಂದ ಅವರಿಗೆ ಆಸಕ್ತಿ ಇಲ್ಲ ಅಂದುಕೊಳ್ಳುವುದು ತಪ್ಪು.

ಅತಿ ಹೆಚ್ಚು ಜಗಳದ ಫೋನ್ ಬರುವುದು ಇಟಲಿಯ ಪತ್ರಗಳಿಗೆ. ಅಲ್ಲಿನ ಹಳೆಯ ಊರುಗಳ ನಡುಭಾಗಕ್ಕೆ ಅನುಮತಿ ಇಲ್ಲದ ಗಾಡಿ ಹೋಗುವ ಹಾಗಿಲ್ಲ. ಝಡ್‌ಟಿಎಲ್ ಅಂತಾರೆ. ಬಾಗಿಲಲ್ಲಿ ಕ್ಯಾಮೆರಾ, ಪಕ್ಕದಲ್ಲಿ ದೀಪದ ಫಲಕ. 'ವಾರ್ಕೊ ಅತ್ತೀವೊ' ಅಂತ ಬರೆದಿರುತ್ತದೆ. ಅಂದರೆ ಕ್ಯಾಮೆರಾ ಕೆಲಸ ಮಾಡುತ್ತಿದೆ, ಒಳಗೆ ಬರಬೇಡಿ ಅಂತ. ಹೊರಗಿನವರು ಅದನ್ನು ದಾರಿ ತೆರೆದಿದೆ ಅಂತ ಓದಿಕೊಂಡು ಒಳಗೆ ಹೋಗುತ್ತಾರೆ. ಈ ತಪ್ಪು ತಿಳಿವಳಿಕೆಗೆ ಎಷ್ಟು ಜನ ದುಡ್ಡು ಕಳೆದುಕೊಂಡಿದ್ದಾರೋ.

ಹೋದ ವರ್ಷ ಫೆಬ್ರವರಿಯಲ್ಲಿ ಒಬ್ಬರು ಇಂಗ್ಲಿಷಿನಲ್ಲಿ ಮಾತು ಶುರು ಮಾಡಿದರು. ಸಿಟ್ಟು ಇತ್ತು. ನಡುವೆ ನಿಲ್ಲಿಸಿ, "ಇಮೇಲಿನಲ್ಲಿ ನಿಮ್ಮ ಹೆಸರು ನೋಡಿದೆ. ಮೇಡಂ, ನೀವು ಕನ್ನಡದವರಾ?" ಅಂದರು.

"ಹೌದು ಸರ್, ಹೇಳಿ."

"ಮೇಡಂ, ಮೇ ತಿಂಗಳಲ್ಲಿ ಫ್ಲಾರೆನ್ಸ್‌ಗೆ ಹೋಗಿದ್ವಿ. ಸೆಪ್ಟೆಂಬರಿನಲ್ಲಿ ನೀವೇ ನನ್ನ ಕಾರ್ಡಿಂದ ಎರಡು ಸಲ 30 ಯೂರೊ ತಗೊಂಡಿದ್ದೀರಿ. ಕಟ್ಟಿದ್ದು ಮುಗೀತು ಅಂದುಕೊಂಡಿದ್ದೆ. ಈಗ ಅಲ್ಲಿಂದ ಎರಡು ದಂಡ ಬಂದಿದೆ. ಒಂದೇ ತಪ್ಪಿಗೆ ಎಷ್ಟು ಸಲ ಕಟ್ಟಬೇಕು?"

ಈ ಪ್ರಶ್ನೆ ನನಗೆ ವಾರಕ್ಕೆ ಒಂದು ಸಲವಾದರೂ ಬರುತ್ತದೆ. ಆ 30 ಯೂರೊ ದಂಡವಲ್ಲ. ಪತ್ರ ಓದಿ, ಹುಡುಕಿ, ಹೆಸರು ಕಳಿಸಿದ್ದಕ್ಕೆ ಕಂಪನಿ ಹಿಡಿಯುವ ಚಾರ್ಜು. ಕರಾರಿನಲ್ಲಿ ಇರುತ್ತದೆ, ಆದರೆ ಕಾರ್ಡಿನ ಲೆಕ್ಕದಲ್ಲಿ ಬರುವಾಗ 'ಟ್ರಾಫಿಕ್ ಫೈನ್' ಅಂತಲೇ ಬರುತ್ತಿತ್ತು. ಯಾರಾದರೂ ಹಾಗೇ ತಾನೇ ತಿಳಿದುಕೊಳ್ಳುವುದು? ನಾನು ಹಟ ಮಾಡಿ ಆ ಸಾಲನ್ನು ಬದಲಿಸುವಂತೆ ಮಾಡಿದೆ. ಈಗ 'ಮಾಹಿತಿ ಕಳಿಸಿದ ಶುಲ್ಕ, ದಂಡ ಬೇರೆ ಬರುತ್ತದೆ' ಅಂತ ಇಮೇಲೂ ಹೋಗುತ್ತದೆ. ಬದಲಾಗುವುದಕ್ಕೆ ಒಂದು ವರ್ಷ ಹಿಡಿಯಿತು.

ಅವರ ಪತ್ರಗಳನ್ನು ಸ್ಕ್ಯಾನ್ ಮಾಡಿ ಕಳಿಸಲು ಹೇಳಿದೆ. ಮೊದಲು ಕೇಳಿದ್ದು, "ಸರ್, ಇದು ನಿಮ್ಮ ಕೈಗೆ ಯಾವತ್ತು ಸಿಕ್ತು?" ಮೊನ್ನೆ ಅಂದರು. ಜೀವ ಬಂತು. ಇಟಲಿಯಲ್ಲಿ ಪತ್ರ ಕೈಗೆ ಸಿಕ್ಕಿ ಐದು ದಿನದೊಳಗೆ ಕಟ್ಟಿದರೆ ಇಂಥ ದಂಡಕ್ಕೆ ನೂರಕ್ಕೆ 30 ರಿಯಾಯಿತಿ. 83 ಯೂರೊ ಇದ್ದದ್ದು 58.10 ಆಗುತ್ತದೆ, ಮೇಲೆ ಅಂಚೆ ಮತ್ತು ಕಚೇರಿ ಖರ್ಚು. 60 ದಿನ ದಾಟಿದರೆ 166. ಒಂಬತ್ತು ತಿಂಗಳ ಮೇಲೆ ಕಳಿಸಿದ್ದು ಲೆಕ್ಕಕ್ಕೇ ಬರಲ್ಲ ಅಂತ ಅವರ ಸ್ನೇಹಿತರು ಹೇಳಿದ್ದರಂತೆ. ಬರುತ್ತದೆ. ವಿದೇಶದಲ್ಲಿ ಇರುವವರಿಗೆ ಕಳಿಸಲು ಅವರಿಗೆ 360 ದಿನ ಇದೆ. ಬಾಡಿಗೆ ಗಾಡಿಯಾದರೆ ಅಲ್ಲಿನ ನಗರಪಾಲಿಕೆಗಳು ನಾವು ಹೆಸರು ಹೇಳಿದ ದಿನದಿಂದ ಅದನ್ನು ಎಣಿಸುತ್ತವೆ.

ಎರಡು ಪತ್ರ, ಎರಡು ಬೇರೆ ಬಾಗಿಲು. ಒಂದು ಮೊದಲ ದಿನ ಸಂಜೆ, ಇನ್ನೊಂದು ಮರುದಿನ ಬೆಳಿಗ್ಗೆ. ಹೋಟೆಲ್ ಎಲ್ಲಿತ್ತು ಅಂತ ಕೇಳಿದೆ. ಒಳಗೇ ಇತ್ತು. ಆಗ ನನಗೆ ಸ್ವಲ್ಪ ಆಸೆ ಹುಟ್ಟಿತು. ಝಡ್‌ಟಿಎಲ್ ಒಳಗಿನ ಹೋಟೆಲಿನವರು ತಮ್ಮ ಅತಿಥಿಗಳ ಪ್ಲೇಟ್ ನಂಬರನ್ನು ನಗರಪಾಲಿಕೆಗೆ ತಿಳಿಸಿದರೆ ಬಂದು ಹೋಗಲು ಅನುಮತಿ ಸಿಗುತ್ತದೆ. "ಹೋಟೆಲಿಗೆ ನಂಬರ್ ಕೊಟ್ಟಿದ್ರಾ?" ಕೊಟ್ಟಿದ್ದರು. ಕೌಂಟರಿನಲ್ಲಿ ಬಾಯಲ್ಲಿ ಹೇಳಿದ್ದರು.

ಹೋಟೆಲಿಗೆ ಬರೆಸಿದೆವು. ಮರುದಿನವೇ ಉತ್ತರ ಬಂತು, ತಾವು ಆವತ್ತೇ ನಗರಪಾಲಿಕೆಗೆ ಕಳಿಸಿದ ನೋಂದಣಿಯ ಪ್ರತಿ ಸಮೇತ. ತಾರೀಖು ಸರಿ, ಕೊಠಡಿ ಸರಿ. ಪ್ಲೇಟ್ ನಂಬರ್ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದೆ. ಕೊನೆಯ ಅಕ್ಷರ ಬಿ ಇರಬೇಕಾದ ಕಡೆ 8 ಇತ್ತು. ಕೌಂಟರಿನವರು ಬರೆದುಕೊಂಡದ್ದನ್ನು ಇನ್ನೊಬ್ಬರು ಟೈಪ್ ಮಾಡುವಾಗ ಆದದ್ದು. ಅಷ್ಟಕ್ಕೇ ಅವರ ಗಾಡಿ ಅನುಮತಿ ಇಲ್ಲದ ಗಾಡಿಯಾಗಿಬಿಟ್ಟಿತ್ತು.

ಮರುದಿನ ಬೆಳಿಗ್ಗೆಯದು ಬೇರೆ ಕಥೆ. ಹೋಟೆಲಿನಿಂದ ಹೊರಟು, ಮಗಳಿಗೆ ಔಷಧಿ ತರಲು ಇನ್ನೊಂದು ಬಾಗಿಲಿಂದ ಒಳಗೆ ಹೋಗಿದ್ದರು. ಆ ಅನುಮತಿ ಹೋಟೆಲಿಗೆ ಬಂದು ಹೋಗುವುದಕ್ಕೆ ಮಾತ್ರ. "ಸರ್, ಇದಕ್ಕೆ ನಾನು ಏನೂ ಹೇಳಕ್ಕಾಗಲ್ಲ, ನಾಳೆನೇ ಕಟ್ಟಿಬಿಡಿ" ಅಂದೆ. ಕಟ್ಟುವುದು ಪತ್ರದಲ್ಲಿರುವ ಅಧಿಕೃತ ದಾರಿಯಲ್ಲಿ, ಪತ್ರದ ಸಂಖ್ಯೆ ಹಾಕಿಯೇ ಕಟ್ಟಬೇಕು. ದಂಡದ ಹೆಸರಲ್ಲಿ ಬರುವ ಸುಳ್ಳು ಮೆಸೇಜುಗಳು ಈಗ ಜಾಸ್ತಿ, ಅದಕ್ಕೇ ಲಿಂಕ್ ಒತ್ತಬೇಡಿ ಅಂತಲೂ ಹೇಳಿದೆ. ನಾಲ್ಕನೇ ದಿನ ಕಟ್ಟಿದರು, ರಿಯಾಯಿತಿ ಸಿಕ್ಕಿತು.

ಮೊದಲ ದಿನದ್ದನ್ನು ಮಾತ್ರ ಕಟ್ಟಬೇಡಿ ಅಂದೆ. ಕಟ್ಟಿದರೆ ಮೇಲ್ಮನವಿಗೆ ಅವಕಾಶ ಇಲ್ಲ. ಹೋಟೆಲಿನ ಪ್ರತಿ, ಬುಕಿಂಗ್, ಬಿಲ್ಲು, ನಮ್ಮ ಕರಾರು ಎಲ್ಲ ಸೇರಿಸಿ, ನೀವೇ ರದ್ದು ಮಾಡಿ ಅಂತ ನಗರದ ಪೊಲೀಸ್ ಕಚೇರಿಗೆ ಅರ್ಜಿ ಹಾಕಿದೆವು. ಇಲ್ಲಿ ಒಂದು ಎಚ್ಚರಿಕೆ ಬೇಕು. ಆ ಅರ್ಜಿ ಹಾಕಿದ್ದರಿಂದ ಗಡುವು ನಿಲ್ಲುವುದಿಲ್ಲ. ಉತ್ತರಕ್ಕೆ ಕಾಯುತ್ತಾ ಕೂತರೆ 60 ದಿನ ಹೋಗಿಬಿಡುತ್ತದೆ. ಅದಕ್ಕೇ ಪ್ರಿಫೆಕ್ಟ್‌ಗೆ, ಅಂದರೆ ಅಲ್ಲಿನ ಜಿಲ್ಲೆಯ ಸರ್ಕಾರಿ ಅಧಿಕಾರಿಗೆ, ಹಾಕುವ ಮೇಲ್ಮನವಿಯನ್ನೂ ಅದೇ ವಾರ ಬರೆದು ಸಹಿ ಮಾಡಿಸಿ ಇಟ್ಟುಕೊಂಡೆ. 45ನೇ ದಿನದವರೆಗೂ ಉತ್ತರ ಬರದಿದ್ದರೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸುವುದು ಅಂತ ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕಿದೆ.

38ನೇ ದಿನ ಇಟಲಿಯಿಂದ ಎರಡು ಸಾಲಿನ ಇಮೇಲ್ ಬಂತು. ದಾಖಲೆ ನೋಡಿದ್ದೇವೆ, ಪತ್ರ ರದ್ದಾಗಿದೆ. ಬಿ ಮತ್ತು 8ರ ವಿಷಯ ಅದರಲ್ಲಿ ಇರಲಿಲ್ಲ. ಆ ಪತ್ರಕ್ಕೆ ನಾವು ಹಿಡಿದಿದ್ದ 30 ಯೂರೊವನ್ನು ವಾಪಸ್ ಕೊಡಿಸಲು ಮ್ಯಾನೇಜರ್ ಹತ್ತಿರ ಹೋದೆ. ಕೆಲಸ ಮಾಡಿದ್ದೇವಲ್ಲ, ಅದು ಬರುವುದಿಲ್ಲ ಅಂದರು. ಅದು ನನಗೆ ಈಗಲೂ ಸರಿ ಕಾಣುವುದಿಲ್ಲ.

ಈ ಮೇ ತಿಂಗಳಲ್ಲಿ ಅವರು ಮತ್ತೆ ನಮ್ಮ ಹತ್ತಿರವೇ ಕಾರು ತೆಗೆದುಕೊಂಡರು, ಈ ಸಲ ಇಟಲಿಯ ಸಿಯೆನಾ ಕಡೆಗೆ. ಕೀಲಿ ತೆಗೆದುಕೊಂಡ ಮೇಲೆ ಪಾರ್ಕಿಂಗಿನಲ್ಲಿ ಬಗ್ಗಿ ನಿಂತು ಹಿಂದಿನ ಪ್ಲೇಟಿನ ಫೋಟೊ ತೆಗೆಯುತ್ತಿದ್ದರು. ಹೋಟೆಲಿಗೆ ಕಳಿಸುವುದಕ್ಕಂತೆ.